ಬಾಯ್ಲರ್ ಮನೆಗೆ ಈಥರ್‌ನೆಟ್ ತಂದ ನನ್ನ ಅನುಭವ

ಬಾಗಲಕೋಟೆ ಜಿಲ್ಲೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಇಪ್ಪತ್ತರಷ್ಟು ಹಳೆಯ ಪ್ರೊಸೆಸ್ ಕಂಟ್ರೋಲರ್‌ಗಳನ್ನು (ನೀರಿನ ಮಟ್ಟದಂಥವನ್ನು ಅಳೆದು ನಿಯಂತ್ರಿಸುವ ಸಾಧನಗಳು) ಈಥರ್‌ನೆಟ್‌ಗೆ, ಅಂದರೆ ಕಂಪ್ಯೂಟರ್‌ಗಳ ಕೇಬಲ್ ಜಾಲಕ್ಕೆ, ಜೋಡಿಸುವ ಕೆಲಸವನ್ನು ನಾನು ಒಪ್ಪಿಕೊಂಡಾಗ ಅದು ಕೈಗೂಡುತ್ತದೆಂದು ನಂಬಿದವರು ಕಡಿಮೆ. "ಕಂಪ್ಯೂಟರ್ ವೈರ್ ಬಾಯ್ಲರ್ ಹತ್ರ ತಡಿಯೂದಿಲ್ರಿ ಸರ" ಎಂದು ಫೋರ್‌ಮನ್ ನೇರವಾಗಿಯೇ ಹೇಳಿದ್ದರು. ಈಗ ಎರಡು ಹಂಗಾಮು ಕಬ್ಬು ನುರಿಸಿ ಮುಗಿದಿದೆ. ನೆಟ್‌ವರ್ಕ್ ದೋಷದಿಂದ ಕಂಟ್ರೋಲ್ ರೂಮಿನ ಪರದೆ ಒಮ್ಮೆಯೂ ನಿಂತಿಲ್ಲ.

ಮೊದಲು ಇದ್ದದ್ದು 9600 ಬಾಡ್ (ಸೆಕೆಂಡಿಗೆ 9600 ಬಿಟ್) ವೇಗದ ಒಂದೇ ಆರ್‌ಎಸ್-485 ಸರಪಳಿ, ಅಂದರೆ ಎಲ್ಲ ಕಂಟ್ರೋಲರ್‌ಗಳೂ ಒಂದೇ ತಂತಿಯಲ್ಲಿ ಒಂದಾದ ಮೇಲೊಂದು ಉತ್ತರಿಸುವ ವ್ಯವಸ್ಥೆ. ಪ್ರತಿ ಕಂಟ್ರೋಲರ್‌ನಿಂದ ಮಾಡ್‌ಬಸ್ (ಇಂಥ ಸಾಧನಗಳು ಮಾತಾಡುವ ಸಂವಹನ ಭಾಷೆ) ಉತ್ತರ ಬರಲು ಸುಮಾರು ಮೂರನೇ ಒಂದು ಸೆಕೆಂಡ್ ಬೇಕಿದ್ದುದರಿಂದ ಇಡೀ ಸುತ್ತಿಗೆ ಏಳು ಸೆಕೆಂಡ್ ಹಿಡಿಯುತ್ತಿತ್ತು. ಅದರಲ್ಲಿ ಒಂದು ಕಂಟ್ರೋಲರ್ ಕೆಟ್ಟರಂತೂ ಟೈಮ್‌ಔಟ್ ಮತ್ತು ಮರುಪ್ರಯತ್ನಗಳಲ್ಲೇ ಇನ್ನೂ ಮೂರ್ನಾಲ್ಕು ಸೆಕೆಂಡ್ ಕಳೆದು, ಆಪರೇಟರ್ ಕಣ್ಣಿಗೆ ಬೀಳುವ ಡ್ರಮ್ ಲೆವೆಲ್ (ಬಾಯ್ಲರ್ ಡ್ರಮ್‌ನಲ್ಲಿನ ನೀರಿನ ಮಟ್ಟ) ಅಂಕಿ ಹಳತಾಗಿಬಿಡುತ್ತಿತ್ತು. ಎಲ್ಲ ಕಂಟ್ರೋಲರ್‌ಗಳನ್ನೂ ಬದಲಿಸಲು ಒಂದು ದೊಡ್ಡ ಕಂಪನಿ ಇಪ್ಪತ್ತೆರಡು ಲಕ್ಷದ ಆಸುಪಾಸಿನ ಕೊಟೇಶನ್ ಕೊಟ್ಟಿತ್ತು. ನಾನು ಕಂಟ್ರೋಲರ್‌ಗಳನ್ನು ಮುಟ್ಟದೆ, ಸರಪಳಿಯನ್ನು ನಾಲ್ಕಾಗಿ ಕತ್ತರಿಸಿ, ಒಂದೊಂದಕ್ಕೂ ಒಂದು ಮಾಡ್‌ಬಸ್ ಟಿಸಿಪಿ ಗೇಟ್‌ವೇ (ಹಳೆಯ ತಂತಿಯ ಮಾಡ್‌ಬಸ್ ಅನ್ನು ಈಥರ್‌ನೆಟ್‌ಗೆ ದಾಟಿಸುವ ಪೆಟ್ಟಿಗೆ) ಕೂರಿಸಿ, ಐದೂವರೆ ಲಕ್ಷದೊಳಗೆ ಮುಗಿಸಿದೆ. ನಾಲ್ಕೂ ತುಂಡುಗಳು ಏಕಕಾಲಕ್ಕೆ ಓಡುವುದರಿಂದ ಸುತ್ತು ಎರಡು ಸೆಕೆಂಡಿನೊಳಗೆ ಬಂದಿತು. ಡ್ರಮ್ ಲೆವೆಲ್ ನೋಡಿ ನೀರಿನ ವಾಲ್ವ್ ಹೊಂದಿಸುವ ಲೂಪ್ ಮಾತ್ರ ಹಿಂದಿನಂತೆ ಕಂಟ್ರೋಲರ್‌ನಲ್ಲೇ ಉಳಿದಿದೆ. ಕೇಬಲ್ ಕಿತ್ತುಹೋದರೂ ನೀರಿನ ವಾಲ್ವ್ ತನ್ನ ಕೆಲಸ ಮಾಡುತ್ತಲೇ ಇರಬೇಕೆಂಬುದು ನನ್ನ ಕಟ್ಟುನಿಟ್ಟಿನ ನಿಯಮ.

ನಿಜವಾದ ಹೋರಾಟ ನಡೆದದ್ದು ಕೇಬಲ್ ವಿಷಯದಲ್ಲಿ. ಬಾಯ್ಲರ್ ಪ್ಯಾನೆಲ್‌ನಿಂದ ಕಂಟ್ರೋಲ್ ರೂಮಿಗೆ ಎಂಬತ್ತೈದು ಮೀಟರ್ ಇರಬಹುದು. ತಾಮ್ರದ ಈಥರ್‌ನೆಟ್ ಕೇಬಲ್‌ನ ನೂರು ಮೀಟರ್ ಮಿತಿಯೊಳಗೇ ಇದೆಯಲ್ಲ, ತಾಮ್ರವೇ ಸಾಕು ಎಂದು ಕಾರ್ಖಾನೆಯವರು ಹಠ ಹಿಡಿದರು. ಶೀಲ್ಡ್ (ವಿದ್ಯುತ್ ಗದ್ದಲ ತಡೆಯುವ ಲೋಹದ ಹೊದಿಕೆ) ಇರುವ ಕ್ಯಾಟ್-6 ತಾಮ್ರದ ಕೇಬಲ್ ಎಳೆದು, ನಿರಂತರ ಪಿಂಗ್ (ಉತ್ತರ ಬರುತ್ತದೆಯೇ ಎಂದು ನೋಡುವ ಪರೀಕ್ಷಾ ಸಂದೇಶ) ಹಾಕಿ, ಬಾಯ್ಲರ್‌ನ ಹೊಗೆ ಎಳೆಯುವ ಐಡಿ ಫ್ಯಾನ್ ಚಾಲೂ ಮಾಡಿಸಿದೆ. ಫ್ಯಾನ್ ಮೋಟರ್ ಓಡಿಸುವ ಡ್ರೈವ್‌ನ ವೇಗ ಏರುತ್ತಿದ್ದಂತೆ ಉತ್ತರಗಳು ಸಾಲುಸಾಲಾಗಿ ತಪ್ಪತೊಡಗಿದವು. ಎರಡೂ ಕಡೆಯ ಅರ್ಥಿಂಗ್ ನಡುವೆ ಮೀಟರ್ ಹಿಡಿದರೆ ಆರೇಳು ವೋಲ್ಟ್ ಎಸಿ ತೋರಿಸಿತು. ಶೀಲ್ಡ್‌ನೊಳಗೇ ಕರೆಂಟ್ ಹರಿಯುತ್ತಿತ್ತು. ಶೀಲ್ಡನ್ನು ಒಂದು ತುದಿಯಲ್ಲಿ ಬಿಚ್ಚಿದಾಗ ತೊಂದರೆ ಕಡಿಮೆಯಾಯಿತೇ ಹೊರತು ಪೂರ್ತಿ ಹೋಗಲಿಲ್ಲ. ಆ ಪಿಂಗ್ ಸಾಲುಗಳನ್ನು ಮುದ್ರಿಸಿ ಮ್ಯಾನೇಜರ್ ಮುಂದಿಟ್ಟ ಮೇಲೆ, ಕರೆಂಟ್ ಬದಲು ಬೆಳಕಿನಲ್ಲಿ ಸಂಕೇತ ಒಯ್ಯುವ ಫೈಬರ್‌ಗೆ ಒಪ್ಪಿಗೆ ದೊರೆಯಿತು. ಅಲ್ಲಿಂದ ಮುಂದೆ ಕಟ್ಟಡದಿಂದ ಕಟ್ಟಡಕ್ಕೆ ಫೈಬರ್, ಪ್ಯಾನೆಲ್ ಒಳಗೆ ಮಾತ್ರ ತಾಮ್ರ ಎಂದು ನಿಗದಿ ಮಾಡಿದೆವು.

ಹಣ ಉಳಿಸಲೆಂದು ಸ್ಟೋರ್ಸ್‌ನವರು ಎರಡು ಸಾವಿರದೊಳಗಿನ ಮೀಡಿಯಾ ಕನ್ವರ್ಟರ್‌ಗಳನ್ನು (ಫೈಬರ್ ಮತ್ತು ತಾಮ್ರವನ್ನು ಬೆಸೆಯುವ ಸಾಧನ) ತರಿಸಿದ್ದರು. ಬಾಯ್ಲರ್ ಪಕ್ಕದ ಪ್ಯಾನೆಲ್ ಒಳಗೆ ಮಧ್ಯಾಹ್ನ ಐವತ್ತು ಡಿಗ್ರಿ ದಾಟುತ್ತದೆ. ವಾರದೊಳಗೆ ಅವು ಒಂದೊಂದಾಗಿ ಸ್ತಬ್ಧವಾದವು. ಎಪ್ಪತ್ತೈದು ಡಿಗ್ರಿವರೆಗೆ ತಡೆಯುವ, ಡಿನ್ ರೈಲ್ (ಪ್ಯಾನೆಲ್ ಒಳಗಿನ ಲೋಹದ ಪಟ್ಟಿ) ಮೇಲೆ ಕೂರುವ ಕನ್ವರ್ಟರ್‌ಗೆ ಎಂಟೊಂಬತ್ತು ಸಾವಿರ ಆದರೂ ಅದನ್ನೇ ಕೊಳ್ಳಬೇಕು.

ನಡುವೆ, ಕಬ್ಬಿನ ಗಾಡಿಗಳನ್ನು ತೂಗುವ ವೇಬ್ರಿಡ್ಜ್ ಕಡೆಗೆ ವೈರ್‌ಲೆಸ್ ಕೂಡ ಪ್ರಯೋಗಿಸಿ ನೋಡಿದೆ. ನವೆಂಬರ್‌ನಲ್ಲಿ ಸಿಗ್ನಲ್ ಅಚ್ಚುಕಟ್ಟಾಗಿತ್ತು. ಹಂಗಾಮು ಏರಿದಂತೆ ಎರಡು ಆಂಟೆನಾಗಳ ಮಧ್ಯೆ ಹಸಿ ಬಗಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ರಾಶಿಯೂ ಏರಿ, ಜನವರಿ ಹೊತ್ತಿಗೆ ಲಿಂಕ್ ಮುಚ್ಚಿಹೋಯಿತು. ಕಂಬವನ್ನು ಎತ್ತರಿಸುವ ಖರ್ಚಿಗಿಂತ ಅಲ್ಲಿಗೂ ಫೈಬರ್ ಎಳೆಯುವುದೇ ಅಗ್ಗವಾಯಿತು.

ಗೇಟ್‌ವೇಗಳಿಗೆ ಸ್ಥಿರ ಐಪಿ (ಬದಲಾಗದ ಜಾಲ ವಿಳಾಸ) ಕೊಡಿ, ಕೇಬಲ್‌ಗಳು ಸೇರುವ ನೆಟ್‌ವರ್ಕ್ ಸ್ವಿಚ್‌ನ ಪೋರ್ಟನ್ನು ಆಟೋದಲ್ಲೇ ಬಿಡಿ. ಒಂದು ತುದಿಯನ್ನು ಬಲವಂತವಾಗಿ ಫುಲ್ ಡ್ಯೂಪ್ಲೆಕ್ಸ್‌ಗೆ (ಏಕಕಾಲಕ್ಕೆ ಕಳಿಸುವುದು ಮತ್ತು ಪಡೆಯುವುದು) ಹಾಕಿದರೆ ಆಟೋದಲ್ಲಿರುವ ಇನ್ನೊಂದು ತುದಿ ಹಾಫ್‌ಗೆ (ಒಮ್ಮೆಗೆ ಒಂದೇ ದಿಕ್ಕು) ಇಳಿದು, ಟ್ರಾಫಿಕ್ ಹೆಚ್ಚಾದಾಗ ಪ್ಯಾಕೆಟ್‌ಗಳು ಬಿದ್ದುಹೋಗುತ್ತವೆ. ಮಾಡ್‌ಬಸ್‌ನಲ್ಲಿ ಒಂದೇ ಓದಿಗೆ 125 ರಿಜಿಸ್ಟರ್‌ವರೆಗೆ (ಅಂಕಿ ಇಡುವ ಸ್ಥಾನಗಳು) ಕೇಳಬಹುದಾದ್ದರಿಂದ ಬೇಕಾದ ಅಂಕಿಗಳನ್ನು ಆದಷ್ಟು ಒಟ್ಟುಗೂಡಿಸಿ ಓದಿಸಿ. ಕೆಟ್ಟ ಕಂಟ್ರೋಲರ್‌ನಿಂದ ಉಳಿದವು ನಿಧಾನವಾಗದಂತೆ ಗೇಟ್‌ವೇ ಟೈಮ್‌ಔಟ್ ಮತ್ತು ಓದುವ ಸರದಿಯನ್ನು ನಾನು ಹೊಂದಿಸಿದ ರೀತಿಯನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ನನಗೆ ಮುಂದಿನ ಕೆಲಸಗಳು ಸಿಗುತ್ತಿರುವುದು ಅದರಿಂದಲೇ.

ಕಚೇರಿಯ ಕಂಪ್ಯೂಟರ್‌ಗಳನ್ನೂ ಸಿಸಿ ಕ್ಯಾಮೆರಾಗಳನ್ನೂ ಇದೇ ಸ್ವಿಚ್‌ಗೆ ಚುಚ್ಚಲು ಬಂದವರನ್ನು ನಾನು ಬಿಡಲಿಲ್ಲ. ಉತ್ಪಾದನೆಯ ಲೆಕ್ಕ ಬೇಕೆಂದವರಿಗೆ ಫೈರ್‌ವಾಲ್ ಮೂಲಕ ಒಂದೇ ಕಂಪ್ಯೂಟರ್‌ನಿಂದ ಓದುವ ಅವಕಾಶವಿದೆ. ಗೇಟ್‌ವೇಗಳ 502ನೇ ಪೋರ್ಟ್ (ಮಾಡ್‌ಬಸ್ ಟಿಸಿಪಿ ಬಳಸುವ ಪೋರ್ಟ್ ಸಂಖ್ಯೆ) ಕಚೇರಿಯ ಕಡೆಗೆ ತೆರೆದಿಲ್ಲ.