ಹೊಸಬರಿಗೆ ಮಾರ್ಗದರ್ಶಿ: "ನನಗದು ಆಗಲ್ಲ" ಅಂದವರಿಗೂ ಒಂದೇ ಅಡುಗೆಯಲ್ಲಿ ಊಟ

ಹೊಸ ದೇಶಕ್ಕೆ ಬಂದು ಪೆಟ್ಟಿಗೆಗಳನ್ನು ಇನ್ನೂ ಪೂರ್ತಿ ಬಿಚ್ಚಿರುವುದಿಲ್ಲ, ಅಷ್ಟರಲ್ಲಿ ಅಡುಗೆಮನೆಯ ತಲೆನೋವು ಶುರು. ಅಜ್ಜನಿಗೆ ಸಕ್ಕರೆ ಕಾಯಿಲೆ, ಅಜ್ಜಿಗೆ ಬಿಪಿ, ಚಿಕ್ಕವನಿಗೆ ಹಾಲು ಆಗಲ್ಲ. ದೊಡ್ಡವಳು ಶಾಲೆಯಿಂದ ಬಂದು "ಇನ್ನು ಮೇಲೆ ನಾನು ವೀಗನ್" ಅಂತಾಳೆ, ಅಂದರೆ ಹಾಲು, ಮೊಟ್ಟೆ, ಮಾಂಸ ಸೇರಿ ಪ್ರಾಣಿಗಳಿಂದ ಬರುವ ಯಾವುದೂ ಬೇಡ. ಅಡುಗೆ ಮಾಡುವವರು ಮಾತ್ರ ಒಬ್ಬರೇ.

ನಾಲ್ಕು ಅಡುಗೆ ಮಾಡಲು ಹೋಗಬೇಡಿ, ಒಂದು ವಾರದಲ್ಲಿ ಸುಸ್ತಾಗುತ್ತೀರಿ. ಒಂದೇ ಅಡುಗೆ ಮಾಡಿ, ಕೊನೆಯಲ್ಲಿ ಅವರವರ ಪಾಲು ಬೇರೆ ಮಾಡಿಕೊಳ್ಳಿ. ಅದಕ್ಕೂ ಮೊದಲು ಯಾರ "ಆಗಲ್ಲ" ಎಂಥದ್ದು ಅಂತ ತಿಳಿದುಕೊಳ್ಳಬೇಕು.

ಮೂರು ಬಗೆಯ "ಆಗಲ್ಲ"

ನಮ್ಮ ಮಾತಿನಲ್ಲಿ ಎಲ್ಲದಕ್ಕೂ ಒಂದೇ ಪದ. "ಹಾಲು ಆಗಲ್ಲ" ಅಂದರೆ ಒಬ್ಬರಿಗೆ ಅಲರ್ಜಿ: ಹಾಲಿನ ಪ್ರೋಟೀನ್ ಚೂರು ಒಳಗೆ ಹೋದರೂ ಮೈಯೆಲ್ಲ ದದ್ದು, ಕೆಲವೊಮ್ಮೆ ಉಸಿರೇ ಕಟ್ಟಬಹುದು. ಇನ್ನೊಬ್ಬರಿಗೆ ಹಾಲಿನಲ್ಲಿರುವ ಸಕ್ಕರೆ, ಅಂದರೆ ಲ್ಯಾಕ್ಟೋಸ್, ಅರಗುವುದಿಲ್ಲ. ಹೊಟ್ಟೆ ಉಬ್ಬರ, ಭೇದಿ ಆಗುತ್ತೆ, ಆದರೆ ಸ್ವಲ್ಪ ಮೊಸರು ಹಲವರಿಗೆ ಒಗ್ಗುತ್ತದೆ. ಮೂರನೆಯವರಿಗೆ ಸುಮ್ನೆ ಅದರ ವಾಸನೆ ಹಿಡಿಸಲ್ಲ, ಅಷ್ಟೇ.

ಅಂಗಡಿಯಲ್ಲಿ ಸಿಗುವ ಲ್ಯಾಕ್ಟೋಸ್ ಇಲ್ಲದ ಹಾಲು ಎರಡನೆಯವರಿಗೆ ಸರಿ. ಮೊದಲನೆಯವರಿಗೆ ಅದೂ ವಿಷವೇ, ಯಾಕೆಂದರೆ ಪ್ರೋಟೀನ್ ಹಾಗೇ ಇರುತ್ತದೆ. ತುಪ್ಪದಲ್ಲೂ ಅದು ಚೂರು ಉಳಿದಿರಬಹುದು.

ಅಲರ್ಜಿ ಇರುವ ಮನೆಯಲ್ಲಿ "ಕೊನೆಯಲ್ಲಿ ಬೇರೆ ಮಾಡೋಣ" ಅನ್ನುವ ಸೂತ್ರ ನಡೆಯುವುದಿಲ್ಲ. ಆ ಪದಾರ್ಥ ಪಾತ್ರೆಗೇ ಬೀಳಬಾರದು. ಬೇರೆಯವರಿಗೆ ಬೇಕೇ ಬೇಕು ಅಂದರೆ ಅಲರ್ಜಿ ಇರುವವರ ಅಡುಗೆ ಮೊದಲು ಮುಗಿಸಿ ಮುಚ್ಚಿಡಿ, ಆಮೇಲೆ ಉಳಿದದ್ದು ಮಾಡಿ. ಕರಿದ ಎಣ್ಣೆ, ಮರದ ಸೌಟು, ಹಿಟ್ಟಿನ ಜರಡಿ, ಈ ಮೂರರ ಮೇಲೆ ಕಣ್ಣಿರಲಿ. ಕಡಲೆಕಾಯಿ ಮುಟ್ಟಿದ ಕೈಯನ್ನು ಸೋಪು ಹಚ್ಚಿಯೇ ತೊಳೆಯಬೇಕು. ಸ್ಯಾನಿಟೈಸರ್ ಹಾಕಿ ಉಜ್ಜಿದರೆ ಅದರ ಪ್ರೋಟೀನ್ ಹೋಗುವುದಿಲ್ಲ.

ಸಂಘದ ಊಟಕ್ಕೆ ತರುವಾಗ

ಒಮ್ಮೆ ನಾನೇ "ಕಡಲೆಕಾಯಿ ಹಾಕಿಲ್ಲ" ಅಂತ ಚೀಟಿ ಅಂಟಿಸಿ ಪಲ್ಯ ತಂದಿದ್ದೆ. ನಿಜಕ್ಕೂ ಹಾಕಿರಲಿಲ್ಲ. ಅರ್ಧ ಗಂಟೆ ಬಿಟ್ಟು ನೋಡಿದರೆ ಪಕ್ಕದ ಪಾತ್ರೆಯ ಸೌಟು ನನ್ನ ಪಲ್ಯದಲ್ಲಿತ್ತು, ಅದರ ಹಿಡಿಯ ತನಕ ಕಡಲೆಕಾಯಿ ಪುಡಿ. ಚೀಟಿ ಅಂಟಿಸಿದ್ದ ಮುಚ್ಚಳ ಮೇಜಿನ ಕೆಳಗೆ ಬಿದ್ದಿತ್ತು. ಪುಣ್ಯಕ್ಕೆ ಅಲರ್ಜಿ ಇದ್ದ ಹುಡುಗ ಇನ್ನೂ ಸಾಲಿನಲ್ಲೇ ನಿಂತಿದ್ದ.

ಅಂದಿನಿಂದ ಚೀಟಿ ಮುಚ್ಚಳಕ್ಕಲ್ಲ, ಪಾತ್ರೆಯ ಪಕ್ಕಕ್ಕೆ. ಸೌಟನ್ನು ದಾರದಿಂದ ಪಾತ್ರೆಯ ಹಿಡಿಗೆ ಕಟ್ಟುತ್ತೇವೆ. ನೋಡಿದವರು ನಗುತ್ತಾರೆ, ನಗಲಿ. ಅಲರ್ಜಿ ಇರುವ ಮಕ್ಕಳಿಗೆ ಎಲ್ಲರಿಗಿಂತ ಮೊದಲು ಬಡಿಸುತ್ತೇವೆ. ಚೀಟಿಯಲ್ಲಿ "ಏನು ಇಲ್ಲ" ಅನ್ನುವುದಕ್ಕಿಂತ "ಏನೇನು ಹಾಕಿದ್ದೇನೆ" ಅಂತ ಬರೆಯಿರಿ. ನಿಮಗೆ ಹೊಳೆಯದ್ದು ಇನ್ನೊಬ್ಬರಿಗೆ ಆಗದೇ ಇರಬಹುದು, ಅಲ್ವಾ?

ಉಳಿದ ಪಥ್ಯಗಳು

ಬಿಪಿಗೆ ಒಂದೇ ಪಾತ್ರೆ ಸಾಕು. ಬೇಳೆ, ತರಕಾರಿ ಉಪ್ಪಿಲ್ಲದೆ ಬೇಯಿಸಿ, ಅಜ್ಜಿಯ ಪಾಲು ತೆಗೆದಿಟ್ಟು ಆಮೇಲೆ ಉಪ್ಪು ಹಾಕಿ. ವೀಗನ್ ಮಗಳ ಪಾಲನ್ನೂ ಬೆಣ್ಣೆ, ಕೆನೆ ಹಾಕುವ ಮೊದಲೇ ತೆಗೆಯಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಮ್ಮಿ ಉಪ್ಪು, ಅಂದರೆ ಒಂದು ಟೀ ಚಮಚಕ್ಕಿಂತ ಕಮ್ಮಿ. ಬ್ರೆಡ್, ಚಿಪ್ಸ್, ಉಪ್ಪಿನಕಾಯಿಯ ಉಪ್ಪೂ ಇದರಲ್ಲೇ ಸೇರಿತು. ನಿಂಬೆಹುಳಿ, ಮೆಣಸು ಸ್ವಲ್ಪ ಜಾಸ್ತಿ ಇದ್ದರೆ ಉಪ್ಪು ಕಮ್ಮಿಯಾದದ್ದು ಅಷ್ಟಾಗಿ ಗೊತ್ತಾಗಲ್ಲ. "ಸೋಡಿಯಂ ಕಮ್ಮಿ" ಅಂತ ಮಾರುವ ಬದಲಿ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಬಾರದು.

ಸಕ್ಕರೆ ಕಾಯಿಲೆಗೆ ಬದಲಾಗಬೇಕಾದ್ದು ತಟ್ಟೆ. ಅರ್ಧ ತರಕಾರಿ, ಕಾಲು ಭಾಗ ಬೇಳೆ, ಮೊಟ್ಟೆ ಅಥವಾ ಮೀನು, ಉಳಿದ ಕಾಲು ಅನ್ನ ಇಲ್ಲವೇ ರೊಟ್ಟಿ. ಇನ್ಸುಲಿನ್ ತೆಗೆದುಕೊಳ್ಳುವವರು ಅನ್ನವನ್ನು ಒಮ್ಮೆಲೇ ಅರ್ಧ ಮಾಡಬೇಡಿ, ಸಕ್ಕರೆ ದಿಢೀರ್ ಇಳಿದುಬಿಡಬಹುದು. ಮೊದಲು ಡಾಕ್ಟರ ಹತ್ತಿರ ಮಾತಾಡಿ.

ಸೀಲಿಯಾಕ್ ಕಾಯಿಲೆ (ಗ್ಲುಟೆನ್ ಅನ್ನುವ ಧಾನ್ಯದ ಪ್ರೋಟೀನ್ ಕರುಳಿಗೆ ಹಾನಿ ಮಾಡುವ ಕಾಯಿಲೆ) ಇರುವವರಿಗೆ ಗೋಧಿ, ಬಾರ್ಲಿ, ರೈ ಅನ್ನುವ ಧಾನ್ಯ ಆಗುವುದಿಲ್ಲ. ಮೈದಾ, ರವೆ ಗೋಧಿಯೇ. ಸೋಯಾ ಸಾಸ್‌ನಲ್ಲೂ ಹೆಚ್ಚಾಗಿ ಗೋಧಿ ಇರುತ್ತದೆ. "ಸ್ವಲ್ಪ ತಿಂದರೆ ಏನಾಗುತ್ತೆ" ಅಂತ ಬಲವಂತ ಮಾಡುವ ನೆಂಟರಿಗೆ ಖಡಕ್ಕಾಗಿ ಹೇಳಿ: ಹೊರಗೆ ಏನೂ ಕಾಣದಿದ್ದರೂ ಒಳಗೆ ಕರುಳು ಹಾಳಾಗುತ್ತದೆ.

ವೀಗನ್ ಆದವರಿಗೆ ವಿಟಮಿನ್ ಬಿ12, ಮಾತ್ರೆಯಿಂದಲೋ, ಅದನ್ನು ಸೇರಿಸಿದ ಆಹಾರದಿಂದಲೋ ಸಿಗಬೇಕು. ಸಸ್ಯಾಹಾರಿಗಳು ಜೆಲ್ಲಿ ಮಿಠಾಯಿಯಲ್ಲಿ ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ಮಾಡಿದ್ದು), ಚೀಸ್‌ನಲ್ಲಿ ರೆನೆಟ್ (ಹಾಲು ಹೆಪ್ಪುಗಟ್ಟಿಸಲು ಹಾಕುವ, ಕರುವಿನ ಹೊಟ್ಟೆಯಿಂದ ತೆಗೆದದ್ದು) ಇದೆಯಾ ನೋಡಿಕೊಳ್ಳಿ.

ಪ್ಯಾಕೆಟ್ ಮತ್ತು ಶಾಲೆ

ಪ್ಯಾಕೆಟ್ ಮೇಲೆ ಹೇಳಲೇಬೇಕಾದ ಅಲರ್ಜಿ ಪದಾರ್ಥಗಳ ಪಟ್ಟಿ ಎಲ್ಲ ಕಡೆ ಒಂದೇ ಅಲ್ಲ. ಅಮೆರಿಕದಲ್ಲಿ 9, ಯುರೋಪಿಯನ್ ಒಕ್ಕೂಟದಲ್ಲಿ 14. ಸಾಸಿವೆ ಯುರೋಪಿನ ಪಟ್ಟಿಯಲ್ಲಿದೆ, ಅಮೆರಿಕದ್ದರಲ್ಲಿ ಇಲ್ಲ. ಹಳೇ ದೇಶದ ಅಂದಾಜಿನಲ್ಲಿ ಓದಬೇಡಿ. ದಿನಾ ತರುವ ಬಿಸ್ಕತ್ತೇ ಆದರೂ ಪ್ರತಿ ಸಲ ಓದಿ, ಕಂಪನಿಗಳು ಹೇಳದೆ ಕೇಳದೆ ಪದಾರ್ಥ ಬದಲಿಸುತ್ತವೆ.

ಶಾಲೆಯಲ್ಲಿ "ನಮ್ಮ ಮಗ ಹಾಲು ಕುಡಿಯಲ್ಲ" ಅಂತ ಹೇಳಿದರೆ ಹಟ ಅಂದುಕೊಳ್ಳುತ್ತಾರೆ. "ಅಲರ್ಜಿ" ಅನ್ನುವ ಪದವನ್ನೇ ಬಳಸಿ, ಡಾಕ್ಟರ ಪತ್ರ ಕೊಡಿ. ಅಡ್ರಿನಲಿನ್ ಪೆನ್ (ಅಲರ್ಜಿ ಜೋರಾದಾಗ ಚುಚ್ಚುವ ಇಂಜೆಕ್ಷನ್) ಬರೆದುಕೊಟ್ಟಿದ್ದರೆ ಅದು ಮಗುವಿನ ಕೈಗೆ ಸಿಗುವ ಹಾಗಿರಲಿ, ಆಫೀಸಿನ ಬೀಗ ಹಾಕಿದ ಕಪಾಟಿನಲ್ಲಿ ಅಲ್ಲ. ಅದನ್ನು ಹೇಗೆ ಚುಚ್ಚಬೇಕು ಅಂತ ಟೀಚರಿಗೂ, ಮನೆಯಲ್ಲಿ ಅಜ್ಜಿಗೂ ಒಮ್ಮೆ ತೋರಿಸಿಕೊಡಿ.