ಮೂಡಲ್‌ನಲ್ಲಿ ಮೊದಲ ಸಲ ಪಾಠ ಹಾಕುವವರಿಗೆ

ಈ ಸೆಮಿಸ್ಟರ್‌ನಿಂದ ಮೂಡಲ್ (ಪಾಠ, ಅಸೈನ್‌ಮೆಂಟ್ ಎಲ್ಲ ಆನ್‌ಲೈನಲ್ಲಿ ಹಾಕುವ ತಾಣ) ಬಳಸಿ ಅಂತ ಕಾಲೇಜಲ್ಲಿ ಹೇಳಿದ್ದಾರೆ, ಎಲ್ಲಿಂದ ಶುರು ಮಾಡುವುದು ಅಂತ ಇಬ್ಬರು ಮೂವರು ಕೇಳಿದಿರಿ. ಇಡೀ ಸಿಲೆಬಸ್ ಒಂದೇ ದಿನ ತುಂಬಲು ಹೋಗಬೇಡಿ. ಮೊದಲ ಎರಡು ವಾರದ್ದು ಸಾಕು.

ನಾನು ಮಾಡಿದ ತಪ್ಪು ಹೇಳುತ್ತೇನೆ. ಕೈಬರಹದ ನೋಟ್ಸನ್ನು ಫೋನಲ್ಲಿ ಫೋಟೊ ತೆಗೆದು ಹಾಗೇ ಪಿಡಿಎಫ್ ಮಾಡಿ ಹಾಕಿದೆ, 40 ಪುಟ, 60 ಎಂಬಿ. ಪಾವಗಡ, ಮಧುಗಿರಿ ಕಡೆಯಿಂದ ತುಮಕೂರಿಗೆ ಬಸ್ಸಲ್ಲಿ ಬರುವ ಮಕ್ಕಳು, ದಿನದ ಡೇಟಾ ಮಧ್ಯಾಹ್ನಕ್ಕೇ ಖಾಲಿ, "ಸಾರ್, ಸುಮ್ನೆ ಸುತ್ತುತ್ತಾ ಇದೆ, ಓಪನ್ನೇ ಆಗಲ್ಲ" ಅಂದರು. ಈಗ ಒಂದೊಂದು ಪಾಠ ಬೇರೆ ಬೇರೆ ಫೈಲು, ಟೈಪ್ ಮಾಡಿದ್ದು, 2 ಎಂಬಿ ಒಳಗೆ. ಮೂಡಲ್ ಆ್ಯಪ್‌ನಲ್ಲಿ ಇಳಿಸಿಟ್ಟುಕೊಂಡರೆ ನೆಟ್ ಇಲ್ಲದೆಯೂ ಓದಬಹುದು, ಇದನ್ನು ಮೊದಲ ಕ್ಲಾಸಲ್ಲೇ ಫೋನ್ ಹಿಡಿದು ತೋರಿಸಿಬಿಡಿ.

ಅಸೈನ್‌ಮೆಂಟ್ ಹಾಕುವಾಗ ಹುಷಾರು. 'ಡ್ಯೂ ಡೇಟ್' ಬೇರೆ, 'ಕಟ್ ಆಫ್ ಡೇಟ್' ಬೇರೆ. ಮೊದಲನೆಯದು ದಾಟಿದರೂ ಮಕ್ಕಳು ಸಲ್ಲಿಸಬಹುದು, ತಡ ಅಂತ ತೋರಿಸುತ್ತದೆ ಅಷ್ಟೇ. ಬಾಗಿಲು ಮುಚ್ಚುವುದು ಎರಡನೆಯದು. ಅದನ್ನು ಹಾಕದೇ ಬಿಟ್ಟರೆ ಇಂಟರ್ನಲ್ಸ್ ಮಾರ್ಕ್ಸ್ ಕೊಟ್ಟ ಮೇಲೂ ಒಂದೊಂದೇ ಫೈಲ್ ಬರುತ್ತಲೇ ಇರುತ್ತದೆ, ನನಗೆ ಬಂದಿವೆ!

ಆಮೇಲೆ, ಮೇಲಿನ ಮೂಲೆಯಲ್ಲಿ ನಿಮ್ಮ ಹೆಸರಿನ ಮೆನುವಿನಲ್ಲಿ 'ಸ್ವಿಚ್ ರೋಲ್ ಟು' ಅಂತ ಇರುತ್ತದೆ. ಅದರಲ್ಲಿ ಸ್ಟೂಡೆಂಟ್ ಆರಿಸಿ ಒಂದು ಸಲ ನೋಡಿ. ಹೈಡ್ ಆಗಿಯೇ ಉಳಿದದ್ದು ಯಾವುದು ಅಂತ ಆಗಲೇ ಗೊತ್ತಾಗುವುದು, ನಮ್ಮ ಕಣ್ಣಿಗೆ ಎಲ್ಲವೂ ಕಾಣುತ್ತದಲ್ವಾ. ಎನ್‌ರೋಲ್‌ಮೆಂಟ್ ಕೀ, ಅಂದರೆ ಮಕ್ಕಳು ನಿಮ್ಮ ಕೋರ್ಸಿಗೆ ಸೇರಲು ಹಾಕಬೇಕಾದ ಪಾಸ್‌ವರ್ಡ್, ಅದನ್ನು ಕ್ಲಾಸಿನ ಬೋರ್ಡ್ ಮೇಲೆ ದೊಡ್ಡದಾಗಿ ಬರೆಯಿರಿ, ಸೊನ್ನೆ ಯಾವುದು ಇಂಗ್ಲಿಷ್ ಓ ಯಾವುದು ಅಂತ ಗೊಂದಲವಾಗದ ಪದ ಇಟ್ಟರೆ ಒಳ್ಳೆಯದು.