ಊಗೊ ಗ್ರಾಪ್ಪಸೊನ್ನಿ: ಒಂದು ಲೇಖನ ಬರೆದ ಅನುಭವ

ಕನ್ನಡ ವಿಕಿಪೀಡಿಯಕ್ಕೆ ಕ್ರೀಡಾಪಟುಗಳ ಲೇಖನಗಳನ್ನು ಬರೆಯುವುದು ನನ್ನ ಬಿಡುವಿನ ಕೆಲಸ. ಎರಡನೆಯ ಮಹಾಯುದ್ಧದ ನಂತರ ಹೆಸರು ಮಾಡಿದ ಇಟಲಿಯ ಗಾಲ್ಫ್ ಆಟಗಾರ ಊಗೊ ಗ್ರಾಪ್ಪಸೊನ್ನಿ ಅವರ ಲೇಖನ ಎರಡು ದಿನದಲ್ಲಿ ಮುಗಿದೀತೆಂದು ಕೈಹಚ್ಚಿದೆ. ಮೂರು ವಾರ ಹಿಡಿಯಿತು.

ಹೆಸರು ತೊಂದರೆ ಕೊಡಲಿಲ್ಲ. ಇಟಲಿಯವರು ಜೋಡಿ ವ್ಯಂಜನಗಳನ್ನು ಒತ್ತಿಯೇ ನುಡಿಯುತ್ತಾರೆ, ಅದಕ್ಕೆ ನಮ್ಮಲ್ಲಿ ಒತ್ತಕ್ಷರ ಸಿದ್ಧವಾಗಿಯೇ ಇದೆ.

ತೊಡಕು ಎದುರಾದದ್ದು ಗೆಲುವುಗಳ ಕೋಷ್ಟಕದಲ್ಲಿ. ಈಗಿನ ಆಟಗಾರರಿಗಾಗಿ ಮಾಡಿಟ್ಟುಕೊಂಡಿದ್ದ ಚೌಕಟ್ಟನ್ನೇ ನಕಲಿಸಿ, ‘ಯುರೋಪಿಯನ್ ಟೂರ್ ಗೆಲುವುಗಳು’ ಎಂಬ ತಲೆಬರಹದ ಕೆಳಗೆ ಆರು ಪ್ರಶಸ್ತಿಗಳನ್ನು ತುಂಬಿ ಪ್ರಕಟಿಸಿಯೂಬಿಟ್ಟೆ. ಯುರೋಪಿನ ವೃತ್ತಿಪರ ಗಾಲ್ಫ್ ಪಂದ್ಯಾವಳಿಗಳ ಸರಣಿಯಾದ ಆ ಟೂರ್ ಶುರುವಾದದ್ದೇ 1972ರಲ್ಲಿ. ನಾನು ತುಂಬಿದ್ದು 1948ರಿಂದ 1954ರವರೆಗಿನ ಗೆಲುವುಗಳನ್ನು! ಮರುದಿನ ಬೆಳಿಗ್ಗೆ ನನ್ನ ತಪ್ಪು ನನಗೇ ಕಂಡಿತು, ನಾಚಿಕೆಯಾಯಿತು, ಅಳಿಸಿದೆ.

ಆಮೇಲೆ ಕ್ರಮ ಬದಲಿಸಿ, ಆಟಗಾರನ ಕಡೆಯಿಂದ ಹೊರಡುವ ಬದಲು ಒಂದೊಂದು ದೇಶದ ಓಪನ್ ಪಂದ್ಯಾವಳಿಯ ವಿಜೇತರ ಪಟ್ಟಿಯನ್ನು ವರ್ಷವಾರು ಬರೆದುಕೊಂಡು ಗ್ರಾಪ್ಪಸೊನ್ನಿ ಅವರ ಹೆಸರನ್ನು ಹುಡುಕುತ್ತ ಬಂದೆ. 1948ರಲ್ಲಿ ಸ್ವಿಸ್ ಓಪನ್, 1949ರಲ್ಲಿ ಫ್ರೆಂಚ್ ಓಪನ್, 1950ರಲ್ಲಿ ಇಟಾಲಿಯನ್ ಓಪನ್, 1952ರಲ್ಲಿ ಮತ್ತೆ ಸ್ವಿಸ್, 1954ರಲ್ಲಿ ಇಟಾಲಿಯನ್ ಮತ್ತು ಡಚ್ ಓಪನ್ ಎರಡೂ. ಈ ಕ್ರಮದಿಂದ ಆದ ಲಾಭವೆಂದರೆ ಅಕ್ಕಪಕ್ಕದಲ್ಲಿದ್ದ, ಆ ಕಾಲದ ಹೆಸರಾಂತ ಆಟಗಾರರ ಹೆಸರುಗಳೂ ಕಣ್ಣಿಗೆ ಬಿದ್ದವು: ಫ್ರಾನ್ಸಿನಲ್ಲಿ 1946 ಮತ್ತು 1947ರ ವಿಜೇತ ಹೆನ್ರಿ ಕಾಟನ್, 1950ರಲ್ಲಿ ರಾಬರ್ಟೊ ಡಿ ವಿಸೆಂಜೊ, ಸ್ವಿಟ್ಜರ್ಲೆಂಡಿನಲ್ಲಿ 1953ಕ್ಕೆ ಬೆಲ್ಜಿಯಮ್ಮಿನ ಫ್ಲೋರಿ ವಾನ್ ಡಾಂಕ್, ಮರುವರ್ಷ ಬಾಬಿ ಲಾಕ್. ಬರೀ ಆರು ಸಾಲಿನ ಕೋಷ್ಟಕ ಈ ಗೆಲುವುಗಳ ತೂಕವನ್ನು ಹೇಳುವುದಿಲ್ಲ, ಅಂಥವರ ನಡುವೆ ಅವರ ಹೆಸರನ್ನು ಕಂಡಾಗಲೇ ಅದು ತಿಳಿಯುವುದು.

1954ರ ನಂತರ ಇಟಾಲಿಯನ್ ಓಪನ್ ಗೆದ್ದ ಮುಂದಿನ ಇಟಲಿಯವರು 1976ರ ಬಾಲ್ದೊವೀನೊ ದಾಸ್ಸು. ಇಪ್ಪತ್ತೆರಡು ವರ್ಷ ಎಂದಷ್ಟೇ ಬರೆದರೆ ಓದುಗರಿಗೆ ತಪ್ಪು ಕಲ್ಪನೆ ಬರುತ್ತದೆ, ಏಕೆಂದರೆ 1961ರಿಂದ 1970ರವರೆಗೆ ಆ ಪಂದ್ಯಾವಳಿಯೇ ನಡೆಯಲಿಲ್ಲ. ಅದನ್ನೂ ಅದೇ ವಾಕ್ಯದಲ್ಲಿ ಸೇರಿಸಿದೆ. ಅಮೆರಿಕದ ತಂಡದ ಎದುರು ಮೊದಲು ಬ್ರಿಟನ್ನಿನ, ಈಗ ಯುರೋಪಿನ ತಂಡ ಆಡುವ ರೈಡರ್ ಕಪ್ ಬಗ್ಗೆಯೂ ಒಂದು ಸಾಲು ಬೇಕಾಯಿತು. ಯುರೋಪ್ ಖಂಡದ ಆಟಗಾರರಿಗೆ ಅದರ ಬಾಗಿಲು ತೆರೆದದ್ದು 1979ರಲ್ಲಿ, ಹಾಗಾಗಿ ಗ್ರಾಪ್ಪಸೊನ್ನಿ ಅವರ ಹೆಸರು ಅಲ್ಲಿ ಕಾಣದಿರುವುದು ಅವರ ಆಟದ ಕೊರತೆಯಲ್ಲ.

ಹೆಚ್ಚು ಚರ್ಚೆಯಾದದ್ದು ಒಂದೇ ಪದದ ಮೇಲೆ. ಬಹುಮಾನದ ಹಣ ಅಲ್ಪವಾಗಿದ್ದ ಆ ಕಾಲದಲ್ಲಿ ಯುರೋಪಿನ ವೃತ್ತಿಪರ ಗಾಲ್ಫ್ ಆಟಗಾರರ ಹೊಟ್ಟೆಪಾಡು ನಡೆಯುತ್ತಿದ್ದುದು ಹೆಚ್ಚಾಗಿ ಕ್ಲಬ್ಬಿನ ಸದಸ್ಯರಿಗೆ ಪಾಠ ಹೇಳುವುದರಿಂದ. ಇಟಲಿಯಲ್ಲಿ ಹಾಗೆ ಕಲಿಸುವವರನ್ನು ‘ಮಾಯೆಸ್ಟ್ರೊ’ ಎನ್ನುತ್ತಾರೆ. ನಾನು ‘ತರಬೇತುದಾರ’ ಎಂದು ಬರೆದಿದ್ದೆ. ಜೊತೆಯ ಸಂಪಾದಕರೊಬ್ಬರು, ‘ತಂಡವನ್ನು ಪಂದ್ಯಕ್ಕೆ ಅಣಿಗೊಳಿಸುವವರಲ್ಲವೇ ತರಬೇತುದಾರರು? ಇವರು ಕೈಹಿಡಿದು ಹೊಡೆತ ತಿದ್ದುವವರು, ನಮ್ಮ ಮೇಷ್ಟ್ರ ಹಾಗೆ’ ಎಂದು ಆಕ್ಷೇಪಿಸಿದರು. ಮಾಯೆಸ್ಟ್ರೊ, ಮೇಷ್ಟ್ರು ಎರಡರ ಮೂಲವೂ ಕೊನೆಗೆ ಲ್ಯಾಟಿನ್ನಿನ ಒಂದೇ ಪದಕ್ಕೆ ಹೋಗಿ ಮುಟ್ಟುತ್ತದೆ ಎನ್ನುವುದು ಆಮೇಲೆ ಹೊಳೆಯಿತು. ಆದರೂ ವಿಶ್ವಕೋಶದ ಮೊದಲ ವಾಕ್ಯದಲ್ಲಿ ‘ಮೇಷ್ಟ್ರು’ ಎನ್ನಲು ಮನಸ್ಸು ಒಪ್ಪದೆ ‘ವೃತ್ತಿಪರ ಗಾಲ್ಫ್ ಆಟಗಾರ ಮತ್ತು ಬೋಧಕ’ ಎಂದು ನಿಲ್ಲಿಸಿದೆ.

ಲೇಖನದಲ್ಲಿ ಇನ್ನೂ ಒಂದು ಕೆಂಪು ಕೊಂಡಿ, ಅಂದರೆ ಇನ್ನೂ ಬರೆಯದ ಲೇಖನದತ್ತ ತೋರುವ ಕೊಂಡಿ, ಉಳಿದಿದೆ. ಅದು ಸ್ವಿಸ್ ಓಪನ್ ನಡೆಯುತ್ತಿದ್ದ, ಸುಮಾರು 1,500 ಮೀಟರ್ ಎತ್ತರದ ಕ್ರಾನ್ಸ್ ಮೈದಾನದ್ದು. ಅಲ್ಲಿನ ತೆಳುಗಾಳಿಯಲ್ಲಿ ಚೆಂಡು ಹೆಚ್ಚು ದೂರ ಹಾರುತ್ತದೆ, ಯಾವ ಕೋಲಿಗೆ ಎಷ್ಟು ದೂರ ಎಂಬ ಲೆಕ್ಕವನ್ನು ಆಟಗಾರರು ಹೊಸದಾಗಿ ಹಾಕಬೇಕಾಗುತ್ತದೆ. ಮುಂದಿನ ಲೇಖನ ಅದರದೇ.